ಅಜ್ಜಿಯ ಪಾಲು ಮೊದಲೇ ತೆಗೆದಿಡಿ

ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲು ಮೂಲಕ ವೆಲ್ಲೂರಿಗೆ ಹೋಗುತ್ತದೆ. ಬೆಂಗಳೂರಿನ ತನಕದ ದಾರಿಯನ್ನು ನಮ್ಮಲ್ಲಿ ಅನೇಕರು ಕಣ್ಣು ಮುಚ್ಚಿ ಹೇಳಬಲ್ಲರು. ಅದರಾಚೆಗಿನ ದಾರಿ ಅಷ್ಟು ಪರಿಚಯವಿಲ್ಲ. ಆದರೆ ಆ ಕಡೆಯ ಮಣ್ಣು ನಮ್ಮ ಅಡುಗೆಮನೆಗೆ ಹೊಸತೇನಲ್ಲ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಶ್ರೀನಿವಾಸಪುರವೆಂದರೆ ಮಾವು. ಹೈದರಲಿ ಹುಟ್ಟಿದ ಬೂದಿಕೋಟೆ ಇರುವುದೂ ಇದೇ ಜಿಲ್ಲೆಯಲ್ಲಿ. ಅವರ ತಂದೆ ಫತೇ ಮುಹಮ್ಮದ್ ಅವರ ಸಮಾಧಿ ಇರುವುದು ಕೋಲಾರ ಪಟ್ಟಣದಲ್ಲಿ.

ಇಷ್ಟೆಲ್ಲ ಬೆಳೆಯುವ ಜಿಲ್ಲೆಯಲ್ಲೂ ಒಂಟಿಯಾಗಿ ಬದುಕುವ ವಯಸ್ಸಾದವರು ಒಂದು ಹೊತ್ತು ಅಡುಗೆ ಮಾಡಿ ಎರಡು ಹೊತ್ತು ಅದನ್ನೇ ತಿನ್ನುವುದುಂಟು. ಅದೇ ಊರಿನ ಕಲ್ಯಾಣ ಮಂಟಪದ ಹಿಂದೆ ಅನ್ನ ರಾಶಿ ಬೀಳುವುದೂ ಉಂಟು. ಎರಡರ ನಡುವೆ ಒಂದೆರಡು ಕಿಲೋಮೀಟರ್ ದೂರ ಇರಬಹುದು ಅಷ್ಟೆ. ಆ ದೂರವನ್ನು ಅನ್ನ ಯಾಕೆ ದಾಟೋದಿಲ್ಲ? ಕೊಡುವ ಮನಸ್ಸು ನಮ್ಮ ಜನಕ್ಕೆ ಕಡಿಮೆ ಏನಿಲ್ಲ. ಕೊರತೆ ಇರುವುದು ಏರ್ಪಾಡಿನಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳನ್ನು ಎದುರಿಗಿಟ್ಟುಕೊಂಡು ಆ ಏರ್ಪಾಡಿನ ಲೆಕ್ಕವನ್ನು ಈ ವಾರ ಹಾಕಿ ನೋಡೋಣ. ನಮ್ಮ ಉಳ್ಳಾಲ, ಬಂಟ್ವಾಳ, ಪುತ್ತೂರಿಗೂ ಅದೇ ಲೆಕ್ಕ ಹೊಂದುತ್ತದೆ.

ಅಕ್ಕಿ ಇದೆ, ಅಡುಗೆ ಇಲ್ಲ

"ಸರ್ಕಾರ ಅಕ್ಕಿ ಕೊಡ್ತದಲ್ಲ, ಮತ್ತೇನು?" ಎಂದು ಕೇಳುವವರಿದ್ದಾರೆ. ಹೌದು, ಅನ್ನಭಾಗ್ಯದ ಅಕ್ಕಿ ಸಿಗುತ್ತದೆ. 80 ದಾಟಿದವರ ಮನೆಗೇ ಪಡಿತರ ತಲುಪಿಸುವ 'ಅನ್ನ ಸುವಿಧಾ' ಯೋಜನೆಯನ್ನು ರಾಜ್ಯ ಸರ್ಕಾರ 2024ರ ಬಜೆಟ್‌ನಲ್ಲಿ ಹೇಳಿತ್ತು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ತಿಂಗಳಿಗೆ 1,200 ರೂಪಾಯಿ. ದಿನಕ್ಕೆ ಹಾಕಿದರೆ 40 ರೂಪಾಯಿ. ಮಾತ್ರೆ, ಕರೆಂಟು, ಸೋಪು, ಆಟೊ ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು.

ಅಕ್ಕಿ ಡಬ್ಬದಲ್ಲಿ ಇದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಅದನ್ನು ಬೇಯಿಸಬೇಕು, ಜೊತೆಗೆ ಒಂದು ಸಾರು ಬೇಕು, ಬೇಳೆ ಬೇಕು, ಗ್ಯಾಸ್ ಬೇಕು, ಬಿಸಿ ಪಾತ್ರೆ ಇಳಿಸುವ ಶಕ್ತಿ ಕೈಯಲ್ಲಿರಬೇಕು. ಕೊಳವೆಬಾವಿ ನೀರಿನ ಫ್ಲೋರೈಡ್ ಕೋಲಾರ ಜಿಲ್ಲೆಯ ಹಳೆಯ ಕಷ್ಟ. ವರ್ಷಗಟ್ಟಲೆ ಆ ನೀರು ಕುಡಿದವರ ಹಲ್ಲು, ಮೂಳೆ, ಕೀಲು ಹಾಳಾಗುತ್ತವೆ. ಮಂಡಿ ಮಡಿಸಲಾಗದ ಅಜ್ಜಿಗೆ ಇಂದಿರಾ ಕ್ಯಾಂಟೀನಿನ 10 ರೂಪಾಯಿ ಊಟವೂ ದೂರವೇ. ಅವರಿಗೆ ಊಟ ಅಗ್ಗವಾದರೆ ಸಾಲದು, ಮನೆ ಬಾಗಿಲಿಗೆ ಬರಬೇಕು.

ಇಂಥವರು ಎಷ್ಟು ಮಂದಿ? ದೇಶದಾದ್ಯಂತ ಹಿರಿಯರ ಬಗ್ಗೆ ನಡೆದ 'ಲಾಸಿ' ಸಮೀಕ್ಷೆಯ ಪ್ರಕಾರ 60 ದಾಟಿದ ನೂರು ಮಂದಿಯಲ್ಲಿ ಸುಮಾರು ಆರು ಮಂದಿ ಒಂಟಿಯಾಗಿದ್ದಾರೆ. ಮಕ್ಕಳು ದುಡಿಯಲು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಗಂಡ ಹೆಂಡತಿ ಇಬ್ಬರೇ ಉಳಿದ ಮನೆಗಳು ಇದಕ್ಕೆ ಸೇರಿಲ್ಲ. ಈ ಕಥೆ ನಮ್ಮ ಬ್ಯಾರಿ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮದುವೆ ಊಟದ ಗಡಿಯಾರ

ಒಂದು ಮದುವೆ ಊಟವನ್ನೇ ಲೆಕ್ಕಕ್ಕೆ ಹಿಡಿಯೋಣ. 800 ಮಂದಿಗೆ ಅಡುಗೆಯಾಗಿದೆ. ಬೆಳಗ್ಗೆ 11ಕ್ಕೆ ಅನ್ನ ಬೆಂದಿದೆ. 12.30ಕ್ಕೆ ಬಡಿಸಲು ಶುರು. ಕೊನೆಯ ಪಂಕ್ತಿ ಎದ್ದಾಗ ಮೂರೂವರೆ. ಆಗ ನೋಡಿದರೆ ನೂರು ಜನರ ಊಟ ಉಳಿದಿದೆ. ಯಾರೋ ಒಬ್ಬರು "ಅಯ್ಯೋ, ಯಾರಿಗಾದ್ರೂ ಕೊಡಿ" ಎನ್ನುತ್ತಾರೆ. ಫೋನ್ ಮಾಡಿ, ಗಾಡಿ ಹುಡುಕಿ, ಪಾತ್ರೆ ಹೊಂದಿಸಿ ಹೊರಡುವಾಗ ಐದು. ಮನೆಗಳಿಗೆ ತಲುಪುವಾಗ ಆರೂವರೆ. ಅಂದರೆ ಬೆಂದು ಏಳೂವರೆ ಗಂಟೆಯಾದ ಅನ್ನ, ಮಾಂಸ.

ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಹದ ಬ್ಯಾಕ್ಟೀರಿಯಾಗೆ ಬಹಳ ಇಷ್ಟ. ಆ ಹದದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎನ್ನುವುದು ಸಾಮಾನ್ಯ ನಿಯಮ. ಅನ್ನದ ವಿಷಯ ಇನ್ನೂ ನಾಜೂಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗಟ್ಟಿಮುಟ್ಟಾದ ಹುಡುಗನಿಗೆ ಒಂದು ದಿನದ ವಾಂತಿ ಭೇದಿ. ಒಂಟಿಯಾಗಿರುವ 78ರ ಅಜ್ಜಿಗೆ ಅದೇ ಭೇದಿ ಜೀವಕ್ಕೆ ಕುತ್ತು. ರಾತ್ರಿ ನೀರು ಕೊಡಲೂ ಪಕ್ಕದಲ್ಲಿ ಜನ ಇಲ್ಲ.

ಉಳಿದ ಊಟ ಹಂಚುವುದಕ್ಕೆ ದೇಶದಲ್ಲಿ ನಿಯಮವೂ ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಈ ನಿಯಮಗಳು 2020ರ ಜುಲೈ 1ರಿಂದ ಜಾರಿಯಲ್ಲಿವೆ. ಹಂಚುವ ಸಂಸ್ಥೆ ನೋಂದಣಿ ಮಾಡಿಸಿಕೊಳ್ಳಬೇಕು. ಎಲ್ಲಿಂದ ಏನು ಬಂತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ಇಡಬೇಕು. ಕೊಡುವವರಿಗೂ ಹಂಚುವವರಿಗೂ ಇಬ್ಬರಿಗೂ ಜವಾಬ್ದಾರಿ ಇದೆ. "ಪುಣ್ಯದ ಕೆಲಸಕ್ಕೆ ಎಂಥ ಲೈಸೆನ್ಸು?" ಎಂದು ಹೇಳುವಂತಿಲ್ಲ. ತಿನ್ನುವವರ ಜೀವದ ಪ್ರಶ್ನೆ ಅದು.

ಈಗ ಅದೇ ಮದುವೆಯ ಗಡಿಯಾರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. ಮೊದಲ ಪಂಕ್ತಿಗೆ ಬಡಿಸುವ ಮೊದಲೇ, 11.30ಕ್ಕೆ, 60 ಊಟವನ್ನು ಬಿಸಿ ಇಡುವ ಪಾತ್ರೆಗೆ ತುಂಬಿಸಿ. 12ಕ್ಕೆ ಬೈಕ್ ಹೊರಡಲಿ. ಒಂದು ಗಂಟೆಯ ಬಾಂಗ್ ಹೊತ್ತಿಗೆ ಎಲ್ಲ ಮನೆಗೂ ತಲುಪಿರುತ್ತದೆ. ಹೇಗೂ ನೂರು ಊಟ ಉಳಿಯಲಿದೆ ಎಂದ ಮೇಲೆ ಆ 60 ಊಟವನ್ನು ಕೊನೆಗೆ ತೆಗೆದರೇನು, ಮೊದಲೇ ತೆಗೆದರೇನು? ಖರ್ಚು ಅಷ್ಟೇ. ಆದರೆ ಅಜ್ಜಿಗೆ ಸಿಗುವುದು ಬೇರೆಯದೇ ಊಟ. ನಾವು ಇಷ್ಟಪಡುವುದರಿಂದಲೇ ಕೊಡಬೇಕು ಎಂಬ ಪಾಠ ನಮಗೆ ಮದ್ರಸದಲ್ಲೇ ಆಗಿದೆ. ತಟ್ಟೆಗಳೆಲ್ಲ ತುಂಬಿದ ಮೇಲೆ ಉಳಿದದ್ದು ಅದರಲ್ಲಿ ಬರುತ್ತದೆಯೇ?

ನಾಲ್ಕು ಊರು, ಒಂದು ನಡುಮನೆ

ನಕ್ಷೆ ನೋಡಿದರೆ ಕೋಲಾರ ನಡುಮನೆಯಂತಿದೆ. ಮುಳಬಾಗಿಲು ಪೂರ್ವಕ್ಕೆ ಸುಮಾರು 30 ಕಿಲೋಮೀಟರ್. ಮಾಲೂರು ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಶ್ರೀನಿವಾಸಪುರ ಉತ್ತರದ ಕಡೆ ಸುಮಾರು 25. ಕೋಲಾರದಲ್ಲಿ ಒಂದು ದೊಡ್ಡ ಅಡುಗೆಮನೆ ಮಾಡಿ ನಾಲ್ಕೂ ಊರಿಗೆ ವ್ಯಾನಿನಲ್ಲಿ ಅನ್ನ ಕಳಿಸೋಣ ಎಂದು ಮೊದಲಿಗೆ ಯಾರಿಗಾದರೂ ಅನಿಸಬಹುದು. ಅದು ನಡೆಯುವ ಮಾತಲ್ಲ. ಹೋಗಲು ಮುಕ್ಕಾಲು ಗಂಟೆ, ಊರೊಳಗೆ ಹಂಚಲು ಒಂದು ಗಂಟೆ, ತುಂಬಲು ಇಳಿಸಲು ಅರ್ಧ ಗಂಟೆ. ಅಲ್ಲಿಗೇ ಎರಡು ಗಂಟೆ ಮೀರಿತು. ಗಾಡಿ ಒಂದು ಸಲ ಪಂಕ್ಚರ್ ಆದರೆ ಅವತ್ತಿನ ಊಟ ಚರಂಡಿಗೆ.

ಹಾಗಾಗಿ ಒಂದು ಸರಳ ನಿಯಮ ಸಾಕು: ಬೇಯಿಸಿದ್ದು ಊರೊಳಗೆ, ಬೇಯಿಸದ್ದು ಊರಿಂದ ಊರಿಗೆ. ಅನ್ನ ಸಾರು ಆಯಾ ಊರಿನಲ್ಲೇ ಆಗಲಿ, ಅಲ್ಲೇ ಹಂಚಲಿ. ಅಕ್ಕಿ, ಬೇಳೆ, ರಾಗಿ ಹಿಟ್ಟು, ತರಕಾರಿ ಮಾತ್ರ ಹೆದ್ದಾರಿ ಹತ್ತಲಿ.

ನಾಲ್ಕೂ ಊರಿನಲ್ಲಿ ಉಳಿಯುವ ಪದಾರ್ಥವೂ ಒಂದೇ ತರಹದ್ದಲ್ಲ. ಕೋಲಾರದಲ್ಲಿ ಟೊಮೆಟೊ. 2023ರ ಜುಲೈಯಲ್ಲಿ 15 ಕಿಲೋದ ಬಾಕ್ಸಿಗೆ 2,000 ರೂಪಾಯಿ ದಾಟಿದ್ದೂ ಇದೇ ಮಾರುಕಟ್ಟೆಯಲ್ಲಿ, ಬೆಲೆ ಬಿದ್ದಾಗ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವುದೂ ಇದೇ ಜಿಲ್ಲೆಯಲ್ಲಿ. ಬರೀ ಟೊಮೆಟೊ ಅಜ್ಜಿಗೆ ಊಟವಾಗುವುದಿಲ್ಲ. ಆದರೆ ಬೇಳೆ ಜೊತೆ ಸೇರಿದರೆ ಸಾರು, ಎಣ್ಣೆ ಖಾರ ಹಾಕಿ ಬತ್ತಿಸಿದರೆ ಕೆಲವು ದಿನಕ್ಕೆ ಆಗುವ ಗೊಜ್ಜು. ಶ್ರೀನಿವಾಸಪುರದಲ್ಲಿ ಮಾವು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿದಾಗ ಇಲ್ಲಿನ ಬೆಳೆಗಾರರು ಬೀದಿಗಿಳಿದಿದ್ದರು. ಮಾವು ಎಷ್ಟು ಉಳಿದರೂ ಸಕ್ಕರೆ ಕಾಯಿಲೆಯವರ ಮನೆಗೆ ಬುಟ್ಟಿಗಟ್ಟಲೆ ಕಳಿಸುವಂತಿಲ್ಲ.

ಮಾಲೂರಿನ ಸುತ್ತ ಕೈಗಾರಿಕೆಗಳಿವೆ. ಕೋಲಾರ ತಾಲೂಕಿನ ನರಸಾಪುರ, ವೇಮಗಲ್ ಕಡೆಯೂ ದೊಡ್ಡ ಕಾರ್ಖಾನೆಗಳಿವೆ. ಕಾರ್ಖಾನೆಯ ಕ್ಯಾಂಟೀನಿಗೂ ಮದುವೆ ಮನೆಗೂ ಒಂದು ವ್ಯತ್ಯಾಸವಿದೆ. ಕ್ಯಾಂಟೀನಿನಲ್ಲಿ ಶಿಫ್ಟಿಗೆ ಎಷ್ಟು ಮಂದಿ ಎಂದು ಮೊದಲೇ ಗೊತ್ತು, ಊಟದ ಹೊತ್ತು ದಿನಾ ಒಂದೇ. ದಿನಕ್ಕೆ 40 ಊಟ ಹೆಚ್ಚುವರಿಯಾಗಿ ತೆಗೆದಿಡಲು ಒಪ್ಪುವ ಒಂದು ಕ್ಯಾಂಟೀನು ಸಿಕ್ಕರೆ, ಅದು ವರ್ಷಕ್ಕೆ 20 ಮದುವೆಗಳಿಗಿಂತ ದೊಡ್ಡ ಆಸರೆ. ಮುಳಬಾಗಿಲು ಹೆದ್ದಾರಿಯ ಊರು, ದೋಸೆಗೆ ಹೆಸರಾದ ಊರು, ಹೈದರ್ ವಲಿ ದರ್ಗಾಕ್ಕೂ ಕುರುಡುಮಲೆ ಗಣೇಶನಿಗೂ ಜನ ಬರುವ ಊರು. ಹೋಟೆಲುಗಳೇ ಅಲ್ಲಿನ ದಾರಿ. ಹೋಟೆಲಿನವರಿಗೆ "ಉಳಿದದ್ದು ಕೊಡಿ" ಅನ್ನುವುದಕ್ಕಿಂತ "ದಿನಕ್ಕೆ ಐದು ಪಾರ್ಸೆಲ್ ಕೊಡಿ" ಅನ್ನುವುದು ಸುಲಭ.

ಹಸಿವಿಗೆ ಆಷಾಢ ಇಲ್ಲ

ಉಳಿದ ಊಟವನ್ನೇ ನಂಬಿ ಹೊರಟವರು ಎಡವುವುದು ಇಲ್ಲಿ. ಆಷಾಢದಲ್ಲಿ ಹಿಂದೂ ಮದುವೆಗಳಿಲ್ಲ, ರಮಝಾನ್‌ನಲ್ಲಿ ನಮ್ಮ ಮದುವೆಗಳಿಲ್ಲ. ಹಸಿವು ಮಾತ್ರ ದಿನಾ ಇದೆ. ಇವತ್ತು ಬಿರಿಯಾನಿ ಬಂತು, ನಾಳೆ ಏನೂ ಇಲ್ಲ ಎಂದಾದರೆ ಅಜ್ಜಿ ಒಲೆ ಹಚ್ಚದೆ ಕಾಯುತ್ತಾ ಕೂರುತ್ತಾರೆ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಊಟಕ್ಕಿಂತ ಬರುವುದೇ ಇಲ್ಲ ಎಂದು ಗೊತ್ತಿರುವುದು ವಾಸಿ.

ಆದ್ದರಿಂದ ತಳಪಾಯ ನಿತ್ಯದ ಸಾದಾ ಊಟವಾಗಿರಬೇಕು. ಉಳಿತಾಯದ ಊಟ ಅದರ ಖರ್ಚು ಇಳಿಸಬೇಕು. ಲೆಕ್ಕ ನೋಡಿ: ಒಂದು ಊರಿನಲ್ಲಿ 60 ಮಂದಿ, ಊಟಕ್ಕೆ 40 ರೂಪಾಯಿ ಹಿಡಿದರೆ ದಿನಕ್ಕೆ 2,400. ತಿಂಗಳಿಗೆ 72,000. ತಿಂಗಳಲ್ಲಿ ಹತ್ತು ದಿನ ಮದುವೆ, ಕ್ಯಾಂಟೀನು, ಹೋಟೆಲಿನ ಕಡೆಯಿಂದ ಊಟ ಬಂದರೆ 24,000 ಉಳಿಯಿತು. ಬಾರದ ದಿನ ಸ್ವಂತ ಅಡುಗೆ. ಅಜ್ಜಿಗೆ ಈ ಲೆಕ್ಕ ಯಾವುದೂ ತಿಳಿಯಬೇಕಿಲ್ಲ. ದಿನಾ ಒಂದು ಗಂಟೆಗೆ ಡಬ್ಬಿ ಬರುತ್ತದೆ ಎಂಬುದಷ್ಟೇ ಗೊತ್ತಿದ್ದರೆ ಸಾಕು.

ಇದು ಆಗುವ ಕೆಲಸ ಎನ್ನಲು ದೂರ ಹೋಗಬೇಕಿಲ್ಲ. ರಮಝಾನ್‌ನಲ್ಲಿ ನಮ್ಮ ಮಸೀದಿಗಳಲ್ಲಿ ಗಂಜಿ ಹಂಚುವುದನ್ನೇ ನೋಡಿ. ಎಷ್ಟು ಮನೆ ಎಂದು ಗೊತ್ತು, ಎಷ್ಟು ಗಂಟೆಗೆ ಎಂದು ಗೊತ್ತು, ಇವತ್ತು ಯಾರ ಲೆಕ್ಕದಲ್ಲಿ ಎಂದೂ ಗೊತ್ತು. ಮೂವತ್ತು ದಿನ ಒಂದು ದಿನವೂ ತಪ್ಪುವುದಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ಎಂ. ಫ್ರೆಂಡ್ಸ್ ಟ್ರಸ್ಟ್ 'ಕಾರುಣ್ಯ' ಹೆಸರಿನಲ್ಲಿ ರಾತ್ರಿ ಊಟ ಕೊಡುತ್ತಿರುವುದು ನಮಗೆಲ್ಲ ಗೊತ್ತಿದೆ. ಕೇರಳದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಡಿವೈಎಫ್‌ಐಯವರು ಮನೆಮನೆಯಿಂದ ಸಂಗ್ರಹಿಸಿ ಹಂಚುವ ಪೊದಿಚೋರು ಕಾಸರಗೋಡಿನ ಓದುಗರಿಗೆ ಪರಿಚಿತ. ಅಲ್ಲಿ ಮನೆಯವರು ಉಳಿದದ್ದನ್ನು ಕೊಡುವುದಿಲ್ಲ, ಅವತ್ತಿನ ಅಡುಗೆಯಲ್ಲೇ ಒಂದು ಪೊಟ್ಟಣ ಹೆಚ್ಚು ಕಟ್ಟುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಜನ ಒಂದೇ ಕಡೆ ಇರುತ್ತಾರೆ. ವಯಸ್ಸಾದವರು ಓಣಿ ಓಣಿಯಲ್ಲಿ ಚದುರಿದ್ದಾರೆ. ಇಲ್ಲಿ ಕಷ್ಟವಿರುವುದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ.

ಪಟ್ಟಿ, ಡಬ್ಬಿ, ಬೈಕ್

ಮೊದಲು ಪಟ್ಟಿ ಬೇಕು. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂದು ನ್ಯಾಯಬೆಲೆ ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಪಿಂಚಣಿ ತರುವ ಪೋಸ್ಟ್‌ಮ್ಯಾನಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಳ್ಳಿಗಳಲ್ಲಿ ಹಾಲಿನ ಡೈರಿ ಇದೆ. ಬೆಳಗ್ಗೆ ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಹಾಲಿನ ಗಾಡಿಯಲ್ಲಿ ಅನ್ನ ಕಳಿಸಿ ಎಂದು ನಾವು ಹೇಳುತ್ತಿಲ್ಲ. "ಆ ಕೊನೆಮನೆ ತಾತ ಎರಡು ದಿನದಿಂದ ಕಾಣ್ತಿಲ್ಲ" ಎಂಬ ಸುದ್ದಿ ಮೊದಲು ಸಿಗುವುದು ಅಲ್ಲೇ. ಮಸೀದಿಯ ಜಮಾಅತಿಗೆ ತನ್ನ ಮನೆಗಳು ಗೊತ್ತು, ದೇವಸ್ಥಾನದವರಿಗೆ ಚರ್ಚಿನವರಿಗೆ ಅವರ ಮನೆಗಳು ಗೊತ್ತು. ಪಟ್ಟಿ ಮಾತ್ರ ಒಂದೇ ಇರಲಿ. ಎರಡು ಪಟ್ಟಿಯಾದರೆ ಒಬ್ಬರಿಗೆ ಎರಡು ಊಟ, ಇನ್ನೊಬ್ಬರಿಗೆ ಒಂದೂ ಇಲ್ಲ.

ಆಮೇಲೆ ಡಬ್ಬಿ. ಮುಂಬಯಿಯ ಡಬ್ಬಾವಾಲರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಡಬ್ಬಿಯ ಮೇಲಿನ ಗುರುತು ನೋಡಿಯೇ ಊಟ ತಲುಪಿಸುತ್ತಿದ್ದಾರೆ. ನಮಗೂ ಅಷ್ಟೇ ಸಾಕು. ಒಬ್ಬರಿಗೆ ಎರಡು ಸ್ಟೀಲ್ ಡಬ್ಬಿ. ಇವತ್ತಿನದು ಕೊಟ್ಟು ನಿನ್ನೆಯದು ತರುವುದು. ಮುಚ್ಚಳಕ್ಕೆ ಬಣ್ಣದ ಗುರುತು: ಹಸಿರು ಸಸ್ಯಾಹಾರ, ಕೆಂಪು ಮಾಂಸಾಹಾರ, ಹಳದಿ ಉಪ್ಪು ಖಾರ ಕಡಿಮೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಸಿ ಸಾರು ಕಟ್ಟಿ ಕೊಟ್ಟರೆ ನಡುಗುವ ಕೈಯಿಂದ ಅದನ್ನು ಬಿಚ್ಚುವುದು ಹೇಗೆ?

ಕೊನೆಗೆ ಬೈಕ್. ಒಂದು ಬೈಕಿಗೆ 12 ಮನೆ ಎಂದಿಟ್ಟುಕೊಳ್ಳಿ. ಮನೆಗೆ 4 ನಿಮಿಷದಂತೆ 48 ನಿಮಿಷ. ಅಡುಗೆಮನೆಯಿಂದ ಬಡಾವಣೆ ಸೇರಲು 15 ನಿಮಿಷ. ಒಟ್ಟು ಒಂದು ಗಂಟೆ ಚಿಲ್ಲರೆ. ಐದು ಬೈಕಿಗೆ 60 ಮನೆ ಮುಗಿಯಿತು. ಒಬ್ಬರು ವಾರಕ್ಕೆ ಒಂದೇ ದಿನ ಬಂದರೂ ಒಂದು ಊರಿಗೆ 35 ಮಂದಿ ಸಾಕು. ನಾಲ್ಕು ಊರಿಗೆ 140. ಲುಹರ್ ನಮಾಝಿಗೆ ಹೋಗುವ ಹೊತ್ತಿನಲ್ಲಿ ವಾರಕ್ಕೊಂದು ದಿನ ಒಂದು ಗಂಟೆ. ನಮ್ಮ ಯುವಕ ಸಂಘಗಳಿಗೆ ಇದು ಭಾರವಾಗುವ ಲೆಕ್ಕವಲ್ಲ.

ಏನು ತಿನ್ನುತ್ತೀರಿ ಎಂದು ಕೇಳಿ

ಕೋಲಾರದ ಹಿರಿಯರ ಊಟ ನಮ್ಮ ಕುಚ್ಚಲಕ್ಕಿ ಅಲ್ಲ. ಅಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು. ಹಲ್ಲಿಲ್ಲದವರಿಗೆ ಮುದ್ದೆಯಷ್ಟು ಅನುಕೂಲ ಬೇರೆ ಇಲ್ಲ. ಅಗಿಯಬೇಕಾಗಿಲ್ಲ, ಸಾರಲ್ಲಿ ಅದ್ದಿ ನುಂಗಿದರಾಯಿತು. ಮದುವೆ ಮನೆಯ ತುಪ್ಪದನ್ನ, ಗಟ್ಟಿ ಮಾಂಸ, ಎಣ್ಣೆ ತೇಲುವ ಮಸಾಲೆ ಬಿಪಿ, ಶುಗರ್ ಇರುವವರಿಗೆ ದಿನಾ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಯಾರು ಮಾಂಸ ತಿನ್ನುವುದಿಲ್ಲ, ಯಾರಿಗೆ ಹಲಾಲ್ ಆಗಬೇಕು, ಯಾರಿಗೆ ರಾತ್ರಿ ಊಟಕ್ಕೆ ಮೊದಲು ಮಾತ್ರೆ ಇದೆ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಸ್ಲಿಮರ ಮನೆಮಾತು ಅಲ್ಲಿ ಹೆಚ್ಚಾಗಿ ದಖನಿ ಉರ್ದು. ಬೀದಿಯಲ್ಲಿ ಕನ್ನಡದ ಜೊತೆ ತೆಲುಗು. ಕೊಡಲು ಹೋಗುವ ಹುಡುಗನಿಗೆ ಅವರ ಮಾತು ಬರಬೇಕು. "ಅಜ್ಜಿ ಊಟ ಆಯ್ತಾ?" ಎಂಬ ಮಾತು ಅವರ ಭಾಷೆಯಲ್ಲಿ ಬಂದರೆ ಡಬ್ಬಿ ತೆಗೆದುಕೊಳ್ಳಲು ಸಂಕೋಚ ಕಡಿಮೆ.

ಸಂಕೋಚದ ಮಾತು ಬಂದಿತು. ಫೋಟೊ ಬೇಡ. ಡಬ್ಬಿ ಕೈಗಿಡುವಾಗ ಮೊಬೈಲ್ ಎತ್ತಿ ಹಿಡಿದು ಸ್ಟೇಟಸ್ ಹಾಕುವುದು ಬೇಡವೇ ಬೇಡ. ಒಂದು ಕಾಲದಲ್ಲಿ ಹತ್ತು ಮಂದಿಗೆ ಬಡಿಸಿದ ಕೈಗಳವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಕಲಿತವರು ನಾವು, ವಾಟ್ಸ್ಆ್ಯಪ್ ಗ್ರೂಪಿಗೆಲ್ಲ ಯಾಕೆ ತಿಳಿಸಬೇಕು? ಲೆಕ್ಕ ಬೇಕಾದರೆ ಪುಸ್ತಕದಲ್ಲಿ ಸಹಿ ಸಾಕು.

ಬಾಗಿಲು ತೆರೆಯದ ದಿನ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಮಹಿಳಾ ಸ್ವಯಂಸೇವಕಿಯರು ಹಿರಿಯರ ಮನೆಮನೆಗೆ ಬಿಸಿ ಊಟ ಒಯ್ಯಲು ಶುರು ಮಾಡಿದರು. ಈಗ ಹಲವು ದೇಶಗಳಲ್ಲಿ ಅಂಥ ಏರ್ಪಾಡಿದೆ. ಊಟದಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ. ದಿನಕ್ಕೊಮ್ಮೆ ಯಾರೋ ಬಾಗಿಲು ತಟ್ಟುತ್ತಾರೆ. ಒಳಗಿನಿಂದ ಉತ್ತರ ಬಾರದಿದ್ದರೆ ಅವತ್ತೇ ಗೊತ್ತಾಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದವರು, ಜ್ವರದಲ್ಲಿ ಏಳಲಾಗದವರು, ನಿನ್ನೆಯ ಡಬ್ಬಿಯನ್ನು ಮುಟ್ಟದೇ ಇಟ್ಟವರು, ಇವರನ್ನು ಕಾಣುವ ಮೊದಲ ಕಣ್ಣು ಡಬ್ಬಿ ತರುವ ಹುಡುಗನದು. ಹಾಗಾಗಿ ಡಬ್ಬಿಯನ್ನು ಗೇಟಿಗೆ ನೇತು ಹಾಕಿ ಬರಬಾರದು. ಕೈಗೇ ಕೊಡಬೇಕು, ಮುಖ ನೋಡಬೇಕು. ಬಾಗಿಲು ತೆರೆಯದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಪಟ್ಟಿಯಲ್ಲೇ ಇರಬೇಕು: ನೆರೆಮನೆ, ಮಕ್ಕಳು, ಆಶಾ ಕಾರ್ಯಕರ್ತೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಕರೆ ಉಚಿತ.

ಹಣದ ವಿಷಯದಲ್ಲಿ ಒಂದು ಮಾತು. ಝಕಾತ್‌ಗೆ ಅದರದೇ ಷರತ್ತುಗಳಿವೆ, ಅದನ್ನು ಉಸ್ತಾದರನ್ನು ಕೇಳಿಯೇ ಮಾಡಬೇಕು. ಸದಖಾಕ್ಕೆ ನೆರೆಯವರ ಜಾತಿ ಧರ್ಮ ಕೇಳಬೇಕಾಗಿಲ್ಲ. ಪಟ್ಟಿಯಲ್ಲಿ ಎಲ್ಲ ಮನೆಯೂ ಇರುವುದರಿಂದ ಈ ಕೆಲಸ ಸದಖಾದಿಂದಲೇ ನಡೆಯಲಿ.

ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಆಹಾರ ಪೋಲಾಗುತ್ತದೆ. ಐದು ಮಂದಿಯ ಮನೆಗೆ ಲೆಕ್ಕ ಹಾಕಿ: 275 ಕಿಲೋ. ಇಸ್ರಾಫ್ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ನಿಕಾಹಿನ ಪಟ್ಟಿ ಬರೆಯುವಾಗ ಹಾಲ್, ಅಡುಗೆಯವರು, ಡೆಕೋರೇಶನ್ ಎಂದು ಬರೆಯುತ್ತೇವಲ್ಲ, ಅದರ ಕೆಳಗೆ ಇನ್ನೂ ಒಂದು ಸಾಲು ಸೇರಿಸಿ. "ಮೊದಲ ಪಂಕ್ತಿಗೆ ಮುಂಚೆ 60 ಊಟ, ಬೈಕ್ ಐದು, ಹೊರಡುವ ಹೊತ್ತು 12." ಹೊಣೆ ಯಾರದೆಂದು ಪಕ್ಕದಲ್ಲೇ ಒಂದು ಹೆಸರೂ ಇರಲಿ. ಹೆಸರಿಲ್ಲದ ಕೆಲಸ ನಮ್ಮಲ್ಲಿ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.